ಹುಬ್ಬಳ್ಳಿ-ಧಾರವಾಡದ ದಾರಿ

ಧಾರವಾಡಕ್ಕೂ ಹುಬ್ಬಳ್ಳಿಗೂ ನಡುವಣ ದೂರ ಸುಮಾರು 20 ಕಿಲೋಮೀಟರು. ಹಳಬರ ಲೆಕ್ಕದಲ್ಲಿ ಹನ್ನೆರಡು ಮೈಲಿ. ಒಂದು ಕಚೇರಿಯ ಊರು, ಮತ್ತೊಂದು ಪೇಟೆಯ ಊರು. ವ್ಯಾಜ್ಯವಿದ್ದವರು ಧಾರವಾಡಕ್ಕೂ, ವ್ಯಾಪಾರವಿದ್ದವರು ಹುಬ್ಬಳ್ಳಿಗೂ ಹೋಗಿಬರಲೇಬೇಕಾಗಿದ್ದಿತು. ಆದರೆ ಈ ಸೀಮೆಯ ದಾರಿಗಳನ್ನು ಮಾಡಿಸಿದವರು ಮೊದಲು ನೆನೆದದ್ದು ಈ ಜನರನ್ನಲ್ಲ, ಅರಳೆಯನ್ನು.

1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು, ಇಂಗ್ಲೆಂಡಿನ ಗಿರಣಿಗಳಿಗೆ ಅಲ್ಲಿನ ಹತ್ತಿಯು ದುರ್ಲಭವಾಯಿತು. ಆಗ ಧಾರವಾಡ ಸೀಮೆಯ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂದಿತು. ಹತ್ತಿಯ ಅಂಡಿಗೆಗಳನ್ನು ಹೇರಿದ ಎತ್ತಿನ ಗಾಡಿಗಳು ಘಟ್ಟವಿಳಿದು ಕುಮಟೆಯ ರೇವನ್ನು ಸೇರುತ್ತಿದ್ದುವು. ಕಾರವಾರದ ಬಂದರಿಗೆ ದಾರಿ ಮಾಡಬೇಕೆಂಬ ಆತುರವೂ ಈ ಹತ್ತಿಯಿಂದಲೇ ಹುಟ್ಟಿತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬೇರ್ಪಡಿಸಿ ಮುಂಬಯಿ ಆಧಿಪತ್ಯಕ್ಕೆ ಸೇರಿಸಿದುದಕ್ಕೆ ಇದೂ ಒಂದು ಕಾರಣ.

ಬಳಿಕ ಬಂದುದು ಉಗಿಬಂಡಿ. 1882ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆ ಕಂಪೆನಿಯು ಆ ದಶಕದಲ್ಲಿಯೇ ಎರಡು ಊರುಗಳಿಗೂ ಹಳಿಯನ್ನು ಹಾಕಿ, ಲೋಂಡೆಯ ಮಾರ್ಗವಾಗಿ ಗೋವೆಯ ಮುರಗಾವಿ ಬಂದರಿನೊಡನೆ ಸಂಬಂಧ ಕಲ್ಪಿಸಿತು. ಹುಬ್ಬಳ್ಳಿಯಲ್ಲಿ ರೈಲ್ವೆ ಕಾರ್ಖಾನೆ ನಿಂತಿತು. ಸರಕಿಗಾಗಿ ಹಾಕಿದ ಹಳಿಯ ಮೇಲೆ ಜನರೂ ಕುಳಿತರು. ನಿಲ್ದಾಣದಿಂದ ಮನೆಗೆ ಟಾಂಗಾ. ಅದರ ಬಾಡಿಗೆ ಕೈಗೆಟುಕದವರಿಗೆ ಕಾಲೇ ವಾಹನ.

ಮೋಟಾರು ಬಸ್ಸುಗಳು ಬಂದ ಮೇಲೆಯೇ ಊರಿಂದೂರಿಗೆ ದಿನಬಳಕೆಯ ನಂಟು ಬಲಿಯಿತು. 1962ರಲ್ಲಿ ಎರಡೂ ಊರುಗಳಿಗೆ ಒಂದೇ ಮಹಾನಗರಪಾಲಿಕೆಯಾಯಿತು. 2003ರಲ್ಲಿ ಹುಬ್ಬಳ್ಳಿಯು ನೈಋತ್ಯ ರೈಲ್ವೆಯ ಕೇಂದ್ರಸ್ಥಾನವಾಯಿತು. 2023ರಲ್ಲಿ ಅಲ್ಲಿ 1,507 ಮೀಟರು ಉದ್ದದ ಪ್ಲಾಟ್‌ಫಾರಮ್ಮು ಉದ್ಘಾಟಿತವಾಗಿ, ಜಗತ್ತಿನಲ್ಲಿಯೇ ಉದ್ದವಾದುದೆಂಬ ಕೀರ್ತಿಯನ್ನು ಪಡೆಯಿತು.

ಜನರನ್ನೇ ಮುಂದಿಟ್ಟುಕೊಂಡು ಮಾಡಿದ ದಾರಿಯೆಂದರೆ ತ್ವರಿತ ಬಸ್ ಸಾರಿಗೆಯದು. 2018ರಲ್ಲಿ ಓಡತೊಡಗಿ, 2020ರಲ್ಲಿ ವಿಧ್ಯುಕ್ತವಾಗಿ ಉದ್ಘಾಟಿತವಾದ ಈ ಬಸ್ಸುಗಳಿಗೆ ಚಿಗರಿಯೆಂದು ಹೆಸರು. ಆ ಕಡೆಯ ಮಾತಿನಲ್ಲಿ ಚಿಗರಿಯೆಂದರೆ ಜಿಂಕೆ. ಅವುಗಳಿಗಾಗಿಯೇ ಮೀಸಲಾದ ಪಥವುಂಟು. ನಿಲ್ದಾಣದ ನೆಲವೂ ಬಸ್ಸಿನ ನೆಲವೂ ಒಂದೇ ಮಟ್ಟದವು. ಮುದುಕರೂ ಮಕ್ಕಳೂ ಮೆಟ್ಟಿಲಿನ ಶ್ರಮವಿಲ್ಲದೆ ಹತ್ತಬಹುದು. ಆದರೆ ರಸ್ತೆಯನ್ನು ಹಿಗ್ಗಿಸುವಾಗ ಸಾಲುಮರಗಳು ಉರುಳಿದುವು. ನಿಲ್ದಾಣಗಳು ರಸ್ತೆಯ ನಡುವಿನಲ್ಲಿವೆಯಾದುದರಿಂದ, ಜಿಂಕೆಯ ವೇಗವನ್ನು ಬಯಸುವವನು ಮೊದಲು ವಾಹನಗಳ ಹೊಳೆಯನ್ನು ಅರ್ಧ ದಾಟಬೇಕು.

ಚಕ್ಕಡಿಯಿಂದ ಚಿಗರಿಯವರೆಗಿನ ಈ ಚರಿತ್ರೆಯಿಂದ ನಾವು ಕಲಿಯತಕ್ಕುದು ಇಷ್ಟೆ. ದಾರಿಯ ಹಿರಿಮೆಯನ್ನು ಅಳೆಯಬೇಕಾದುದು ಅದರ ಉದ್ದದಿಂದಲ್ಲ, ವೇಗದಿಂದಲೂ ಅಲ್ಲ. ಕೈಯಲ್ಲಿ ಗಂಟು ಹಿಡಿದ ಮುದುಕಿಯೊಬ್ಬಳು ಯಾರ ನೆರವೂ ಇಲ್ಲದೆ ಅದನ್ನು ದಾಟಬಲ್ಲಳೆ ಎಂಬುದರಿಂದ.