ಬೆಳಕು ನುಂಗೋ ಡಿಕ್ಕಿ

ಹುಕ್ಕೇರಿಯ ಹಳ್ಳಿಗಳಿಗೆ ಕರೆಂಟ್ ಹಂಚೋಕೆ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿದ್ದು 1969ರಲ್ಲಿ. ಅಲ್ಲೂ, ಪಕ್ಕದ ಗೋಕಾಕ, ಮೂಡಲಗಿಯಲ್ಲೂ ಮನೆ, ಅಂಗಡಿ, ಶಾಲೆಗಳನ್ನು ದಶಕಗಳ ಕಾಲ ಬೆಳಗಿದ್ದು ಟ್ಯೂಬ್‌ಲೈಟ್. ಅದರೊಳಗೆ ಪಾದರಸದ ಆವಿ ಜೊತೆ ಆರ್ಗಾನ್ ಇರುತ್ತೆ. ಗಾಳಿ ಯಾಕಿಲ್ಲ?

ಉತ್ತರದ ಒಂದು ಎಳೆ 1911ರ ಬರ್ಲಿನ್‌ನಲ್ಲಿದೆ. ಜೇಮ್ಸ್ ಫ್ರಾಂಕ್ ಮತ್ತು ಅಮೆರಿಕದ ರಾಬರ್ಟ್ ವುಡ್, ಅಯೋಡಿನ್ ಆವಿಗೆ ಬೆಳಕು ಹಾಯಿಸಿದಾಗ ಅದು ತಾನೇ ಹೊಳೀತು. ಬೇರೆ ಅನಿಲ ಬೆರೆಸಿದ್ರೆ ಹೊಳಪು ಕುಂದಿತು. ಹೀಲಿಯಂ ಸ್ವಲ್ಪ ಕುಂದಿಸಿದ್ರೆ, ಕ್ಲೋರಿನ್ ತುಂಬಾ ಜಾಸ್ತಿ. ಪಾದರಸದ ಆವಿಯನ್ನೂ ಅವರು ಪರೀಕ್ಷಿಸಿದ್ರು.

ಕಾರಣ ಡಿಕ್ಕಿ. ಶಕ್ತಿ ಪಡೆದ ಪಾದರಸದ ಪರಮಾಣು ಅದನ್ನು ಬೆಳಕಾಗಿ ಬಿಡೋಕೆ ಸೆಕೆಂಡಿನ ಸುಮಾರು ಕೋಟಿಯಲ್ಲೊಂದು ಭಾಗ ಬೇಕು. ಅಷ್ಟರಲ್ಲೇ ಆಕ್ಸಿಜನ್ ಅಣು ಬಂದು ಗುದ್ದಿದ್ರೆ ಶಕ್ತಿ ಅದರ ಪಾಲು, ಬೆಳಕು ಹೊರಡೋದೇ ಇಲ್ಲ. ಆರ್ಗಾನ್ ಗುದ್ದಿದ್ರೂ ಅಷ್ಟು ಸಣ್ಣ ಶಕ್ತಿ ಅದಕ್ಕೆ ಹಿಡಿಸಲ್ಲ, ಬೆಳಕು ಉಳಿಯುತ್ತೆ.

1919ರಲ್ಲಿ ಸ್ಟರ್ನ್ ಮತ್ತು ವೋಲ್ಮರ್ ಇದಕ್ಕೊಂದು ಸೂತ್ರ ಕೊಟ್ಟರು: ಕಸಿಯೋ ಅನಿಲ ಹೆಚ್ಚಿದಷ್ಟೂ ಹೊಳಪು ಕಡಿಮೆ. ಡಿಕ್ಕಿಗಳ ಜಾಡು ಬಿಡದ ಫ್ರಾಂಕ್‌ಗೆ ಹರ್ಟ್ಸ್ ಜೊತೆ 1925ರ ನೊಬೆಲ್ ಬಂತು.

ಅಂದ್ರೆ, ಊರಿಗೆ ಕರೆಂಟ್ ಬಂದ್ರೆ ಸಾಲದು. ಕೊಳವೆಯೊಳಗೆ ಪಾದರಸದ ಜೊತೆಗಾರ ಯಾರು ಅನ್ನೋದೂ ಮುಖ್ಯ.