ಓಟು ನಮ್ಮದು, ಟಿಕೆಟ್ ಯಾರದು?

ಸ್ವಲ್ಪ ಉದ್ದದ ಬರಹ, ಪುರುಸೊತ್ತು ಮಾಡ್ಕೊಂಡು ಓದಿ.

ಚುನಾವಣೆ ಬಂದಾಗಲೆಲ್ಲ ನಮ್ಮ ಶಿವಮೊಗ್ಗ, ಭದ್ರಾವತಿ ಕಡೆ ಒಂದು ಮಾತು ಕಿವಿಗೆ ಬಿದ್ದೇ ಬೀಳುತ್ತೆ. "ನಿಮಗೇನ್ರಪ್ಪ, ಓಟೂ ಇದೆ, ಮೀಸಲು ಕ್ಷೇತ್ರಾನೂ ಇದೆ, ಇನ್ನೇನು ಬೇಕು?" ಇದಕ್ಕೆ ಸಿಟ್ಟಿನಿಂದ ಉತ್ತರ ಕೊಡೋದಕ್ಕಿಂತ ಚರಿತ್ರೆಯಿಂದ ಕೊಡೋದು ಒಳ್ಳೇದು ಅಂತ ನನಗನ್ನಿಸುತ್ತೆ. ಓಟು ಹಾಕೋ ಹಕ್ಕು ಒಂದು. ಚುನಾವಣೆಗೆ ನಿಲ್ಲೋ ಹಕ್ಕು ಇನ್ನೊಂದು. ಯಾರು ನಿಲ್ಲಬೇಕು ಅಂತ ತೀರ್ಮಾನ ಮಾಡೋ ಹಕ್ಕು ಮತ್ತೊಂದು. ಮೊದಲೆರಡು ನಮಗೆ ಸಂವಿಧಾನದಿಂದ ಬಂದಿವೆ. ಮೂರನೆಯದು ಇನ್ನೂ ನಮ್ಮ ಕೇರಿಗೆ ಬಂದಿಲ್ಲ.

ಮೈಸೂರು ಸಂಸ್ಥಾನದಿಂದ ಶುರು ಮಾಡೋಣ. ದಿವಾನ್ ರಂಗಾಚಾರ್ಲು ಕಾಲದಲ್ಲಿ, 1881ರಲ್ಲಿ, ಪ್ರಜಾಪ್ರತಿನಿಧಿ ಸಭೆ ಆಯ್ತು. ಮೊದಲ ಸಭೆಗೆ 144 ಜನ ಪ್ರತಿನಿಧಿಗಳು. ಇದನ್ನ ನಾವು ಹೆಮ್ಮೆಯಿಂದ ಹೇಳ್ಕೋತೀವಿ, ಹೇಳ್ಕೋಬೇಕಾದದ್ದೇ. ಆದರೆ ಅಲ್ಲಿ ಕೂತವರು ಕಂದಾಯ ಕಟ್ಟೋ ಜಮೀನುದಾರರು, ವ್ಯಾಪಾರಸ್ಥರು. ಮುಂದೆ ಚುನಾವಣೆ ಬಂದಾಗಲೂ ಆಸ್ತಿ, ಕಂದಾಯ, ವಿದ್ಯೆ ಇದ್ದವರಿಗೇ ಮತ. ಭೂಮಿಯನ್ನೇ ಕೊಡದೆ ಇಟ್ಟ ಸಮುದಾಯಕ್ಕೆ "ಭೂಮಿ ಇದ್ರೆ ಓಟು" ಅಂದ್ರೆ ಏನರ್ಥ? "ಪ್ರಜಾಪ್ರತಿನಿಧಿ" ಅನ್ನೋ ಪದದೊಳಗಿನ "ಪ್ರಜೆ" ನಾವಾಗಿರಲಿಲ್ಲ.

ಅತ್ತ ಬ್ರಿಟಿಷ್ ಇಂಡಿಯಾದಲ್ಲಿ 1932ರ ಆಗಸ್ಟ್‌ನಲ್ಲಿ ಕೋಮುವಾರು ತೀರ್ಪು ಬಂತು. ಅದರ ಪ್ರಕಾರ ನಮ್ಮವರಿಗೆ ಎರಡು ಓಟು. ಒಂದು ಸಾಮಾನ್ಯ ಕ್ಷೇತ್ರದಲ್ಲಿ, ಇನ್ನೊಂದು ನಮ್ಮ ಪ್ರತಿನಿಧಿಯನ್ನ ನಾವೇ ಆರಿಸೋಕೆ. ಗಾಂಧೀಜಿ ಯರವಾಡ ಜೈಲಲ್ಲಿ ಉಪವಾಸ ಕೂತರು. ಸೆಪ್ಟೆಂಬರ್ 24ಕ್ಕೆ ಪೂನಾ ಒಪ್ಪಂದ ಆಯ್ತು. ಪ್ರಾಂತ್ಯಗಳ ಶಾಸನಸಭೆಗಳಲ್ಲಿ 148 ಸೀಟು ಸಿಕ್ಕವು, ಪ್ರತ್ಯೇಕ ಮತದಾನ ಹೋಯ್ತು. ಪೂನಾ ಒಪ್ಪಂದ ಮೈಸೂರು ಸಂಸ್ಥಾನಕ್ಕೆ ನೇರವಾಗಿ ಅನ್ವಯ ಆಗಿರಲಿಲ್ಲ. ಆದರೆ ಸೀಟು ನಮ್ಮ ಹೆಸರಲ್ಲಿ, ಆರಿಸೋದು ಎಲ್ಲರೂ ಸೇರಿ ಅನ್ನೋ ಅದರ ಸೂತ್ರವೇ 1950ರ ನಂತರ ಇಡೀ ದೇಶಕ್ಕೆ ಬಂತು. ಶಿವಮೊಗ್ಗಕ್ಕೂ ಬಂತು.

1951–52ರ ಮೊದಲ ಮಹಾಚುನಾವಣೆಯ ದೊಡ್ಡತನವನ್ನ ಕಡಿಮೆ ಮಾಡಿ ಹೇಳಬಾರದು. 21 ವರ್ಷ ತುಂಬಿದ ಎಲ್ಲರಿಗೂ ಒಂದೇ ಬೆಲೆಯ ಓಟು. ಕೇರಿಯ ಅಜ್ಜಿ, ಊರಗೌಡ ಒಂದೇ ಮತಗಟ್ಟೆಗೆ ಬಂದರು. ಅಭ್ಯರ್ಥಿಗೊಂದು ಪೆಟ್ಟಿಗೆ, ಪೆಟ್ಟಿಗೆ ಮೇಲೆ ಚಿಹ್ನೆ. ಓದು ಬರದವರೂ ಚಿಹ್ನೆ ನೋಡಿ ಚೀಟಿ ಹಾಕಬಹುದಿತ್ತು. ಸಾವಿರಾರು ವರ್ಷದಲ್ಲಿ ನಮ್ಮನ್ನ ಸಮ ಅಂತ ಎಣಿಸಿದ ಮೊದಲ ಲೆಕ್ಕ ಅದು.

ಆಗ ದ್ವಿಸದಸ್ಯ ಕ್ಷೇತ್ರಗಳಿದ್ದವು. ಒಂದೇ ಕ್ಷೇತ್ರಕ್ಕೆ ಇಬ್ಬರು ಪ್ರತಿನಿಧಿಗಳು, ಅದರಲ್ಲಿ ಒಬ್ಬರು ಮೀಸಲು ಸೀಟಿನವರು. ಅಂಥದ್ದೇ ಕ್ಷೇತ್ರವಾದ ಉತ್ತರ ಬಾಂಬೆಯಲ್ಲಿ ಬಾಬಾಸಾಹೇಬರೇ ಸೋತರು! ಗೆದ್ದದ್ದು ಕಾಂಗ್ರೆಸ್ಸಿನ ನಾರಾಯಣ ಕಾಜ್ರೋಳ್ಕರ್, ಅವರೂ ದಲಿತರೇ. 1957ರಲ್ಲಿ ಆಂಧ್ರದ ಪಾರ್ವತೀಪುರಂನಲ್ಲಿ ಇದರ ಉಲ್ಟಾ ಆಯ್ತು. ಅಲ್ಲಿ ಇಬ್ಬರು ಆದಿವಾಸಿ ಅಭ್ಯರ್ಥಿಗಳು ಹೆಚ್ಚು ಓಟು ತಗೊಂಡು ಮೀಸಲು ಸೀಟನ್ನೂ ಸಾಮಾನ್ಯ ಸೀಟನ್ನೂ ಗೆದ್ದರು. ಸೋತವರು ಮುಂದೆ ರಾಷ್ಟ್ರಪತಿ ಆದ ವಿ.ವಿ. ಗಿರಿ. ಅವರು ಸುಪ್ರೀಂ ಕೋರ್ಟ್‌ವರೆಗೆ ಹೋದರು. ಗೆದ್ದವರ ಗೆಲುವು ಸರಿ ಅಂತ 1959ರಲ್ಲಿ ತೀರ್ಪು ಬಂತು. 1961ರಲ್ಲಿ ದ್ವಿಸದಸ್ಯ ಕ್ಷೇತ್ರಗಳನ್ನೇ ರದ್ದು ಮಾಡೋ ಕಾಯ್ದೆ ಬಂತು. ಇದೊಂದೇ ಕಾರಣ ಅಂತ ನಾನು ಹೇಳಲ್ಲ. ಆದರೆ ಎರಡು ಘಟನೆಗಳನ್ನ ಪಕ್ಕಪಕ್ಕ ಇಟ್ಟು ನೋಡಿ.

ಈಗ ನಮ್ಮ ಜಿಲ್ಲೆಗೆ ಬರೋಣ. ಶಿವಮೊಗ್ಗ ಅಂದ್ರೆ ಸಮಾಜವಾದಿಗಳ ಜಿಲ್ಲೆ ಅಂತ ಹೆಸರು. 1951ರ ಕಾಗೋಡು ಸತ್ಯಾಗ್ರಹ, 1952ರಲ್ಲಿ ವಿಧಾನಸಭೆಗೆ ಹೋದ ಶಾಂತವೇರಿ ಗೋಪಾಲಗೌಡರು, 1967ರಲ್ಲಿ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲೇ ಮಾತಾಡಿದ ಜೆ.ಎಚ್. ಪಟೇಲರು. ಎಲ್ಲಾ ನಿಜ, ಎಲ್ಲರ ಬಗ್ಗೆ ಗೌರವ ಇದೆ. ಆದರೆ "ಉಳುವವನೇ ಹೊಲದೊಡೆಯ" ಅಂದಾಗ ಲೆಕ್ಕಕ್ಕೆ ಬಂದವನು ಗೇಣಿದಾರ. 1974ರ ಭೂಸುಧಾರಣೆಯಲ್ಲೂ ಅರ್ಜಿ ಹಾಕೋಕೆ ಮೊದಲು ಗೇಣಿದಾರ ಆಗಿರಬೇಕಿತ್ತು. ಕೂಲಿ ಮಾಡೋನಿಗೆ, ಜೀತದಲ್ಲಿದ್ದೋನಿಗೆ ಗೇಣಿ ಕೊಟ್ಟವರು ಯಾರು? ಕಡಿದಾಳ್ ಮಂಜಪ್ಪ, ಬಂಗಾರಪ್ಪ, ಆಗ ಈ ಜಿಲ್ಲೆಯಲ್ಲೇ ಇದ್ದ ಚನ್ನಗಿರಿಯ ಪಟೇಲರು, ಯಡಿಯೂರಪ್ಪ. ನಾಲ್ಕು ಮುಖ್ಯಮಂತ್ರಿಗಳನ್ನ ಕೊಟ್ಟ ನೆಲ ಇದು. ಅವರಲ್ಲಿ ದಲಿತರು ಒಬ್ಬರೂ ಇಲ್ಲ. ಇಲ್ಲಿ ಮಾತ್ರ ಅಲ್ಲ, ಕರ್ನಾಟಕಕ್ಕೇ ದಲಿತ ಮುಖ್ಯಮಂತ್ರಿ ಇನ್ನೂ ಬಂದಿಲ್ಲ.

ಇದೇ ನೆಲದಲ್ಲಿ ಇನ್ನೊಂದು ಚರಿತ್ರೆಯೂ ಇದೆ. ಭದ್ರಾವತಿಯ ಸರ್ ಎಂ.ವಿ. ಕಾಲೇಜಿನಲ್ಲಿ ಕನ್ನಡ ಮೇಷ್ಟ್ರಾಗಿದ್ದ ಪ್ರೊ. ಬಿ. ಕೃಷ್ಣಪ್ಪನವರು, ಕಬ್ಬಿಣದ ಕಾರ್ಖಾನೆ, ಕಾಗದದ ಕಾರ್ಖಾನೆಯ ಈ ಊರಲ್ಲೇ ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಕಟ್ಟಿದರು. ಭೂಮಿ ಹೋರಾಟ ಇರಲಿ, 1986ರ ಚಂದ್ರಗುತ್ತಿ ಬೆತ್ತಲೆ ಸೇವೆ ವಿರುದ್ಧದ ಹೋರಾಟ ಇರಲಿ, ಏನು ಕೇಳಬೇಕು ಅಂತ ನಾವೇ ತೀರ್ಮಾನ ಮಾಡ್ತಿದ್ವಿ. ಯಾರ ಟಿಕೆಟ್ಟೂ ಬೇಕಾಗಿರಲಿಲ್ಲ. ಚುನಾವಣೆಗೆ ಇಳಿಯಬೇಕಾ, ಯಾವ ಪಕ್ಷದ ಜೊತೆ ಹೋಗಬೇಕಾ ಅನ್ನೋ ಪ್ರಶ್ನೆ ಬಂದಾಗ ಮಾತ್ರ ಬಿರುಕು ಬಿಡ್ತು. ಅದನ್ನ ಬರೀ ನಾಯಕರ ಜಗಳ ಅಂತ ನೋಡಬೇಡಿ. ಮೂರನೇ ಹಕ್ಕು ನಮ್ಮ ಕೈಲಿಲ್ಲದಾಗ ಯಾವ ಸಂಘಟನೆಯಾದ್ರೂ ಅಲ್ಲೇ ಒಡೆಯುತ್ತೆ.

ಹೊರಗಿನ ಒಂದು ಉದಾಹರಣೆ ಕೊಡ್ತೀನಿ. ಪೆಸಿಫಿಕ್ ಸಾಗರದಲ್ಲಿ ಸಮೋವಾ ಅಂತ ಪುಟ್ಟ ದೇಶ. ಇಡೀ ದೇಶದ ಜನಸಂಖ್ಯೆ ಸುಮಾರು ಎರಡು ಲಕ್ಷ, ನಮ್ಮ ಶಿವಮೊಗ್ಗ ನಗರಕ್ಕಿಂತ ಕಡಿಮೆ. 1962ರಲ್ಲಿ ಸ್ವತಂತ್ರ ಆಯ್ತು. ಆದರೆ ಬಹುಪಾಲು ಸೀಟುಗಳಿಗೆ ಓಟು ಹಾಕೋ ಹಕ್ಕು "ಮತಾಯಿ" ಅನ್ನೋ ಕುಲದ ಯಜಮಾನರಿಗೆ ಮಾತ್ರ. 1990ರಲ್ಲಿ ಜನಮತಗಣನೆ ಆಗಿ, 1991ರ ಚುನಾವಣೆಯಿಂದ 21 ತುಂಬಿದ ಎಲ್ಲರಿಗೂ ಓಟು ಬಂತು. ನಿಲ್ಲೋ ಹಕ್ಕು ಮಾತ್ರ ಮತಾಯಿಗಳ ಕೈಲೇ ಉಳೀತು. 2021ರ ಮಹಾಚುನಾವಣೆಯಲ್ಲಿ ಆಳೋ ಪಕ್ಷಕ್ಕೂ ಹೊಸ ಪಕ್ಷಕ್ಕೂ 25–25 ಸೀಟು ಬಂದು, ಒಬ್ಬ ಪಕ್ಷೇತರ ಉಳಿದ. ಆಗ ಮಹಿಳಾ ಮೀಸಲಾತಿ ಹೆಸರಲ್ಲಿ ಆಳೋ ಪಕ್ಷದ ಕಡೆಗೆ ಇನ್ನೊಂದು ಸೀಟು ಸೇರಿಸಿದರು. ಆ ಸೀಟಿನಿಂದ ತಡೆಯೋಕೆ ಹೊರಟಿದ್ದು ಯಾರನ್ನ ಗೊತ್ತಾ? ಆ ದೇಶದ ಮೊದಲ ಮಹಿಳಾ ಪ್ರಧಾನಿ ಆಗಬೇಕಿದ್ದ ಫಿಯಾಮೆ ನವೋಮಿ ಮತಾಫಾ ಅವರನ್ನ! ಕೋರ್ಟು ಆ ನೇಮಕ ರದ್ದು ಮಾಡ್ತು. ಮೇ 24ರಂದು ಪಾರ್ಲಿಮೆಂಟಿಗೆ ಬೀಗ ಹಾಕಿದ್ದರಿಂದ ಅವರು ಹೊರಗೆ ಟೆಂಟಿನಲ್ಲಿ ಪ್ರಮಾಣವಚನ ತಗೊಂಡರು.

ಮೀಸಲಾತಿ ತಪ್ಪು ಅಂತ ಈ ಕತೆ ಹೇಳ್ತಿಲ್ಲ. ಮೀಸಲು ಕುರ್ಚಿಯ ಕೀಲಿಕೈ ಬೇರೆಯವರ ಜೇಬಲ್ಲಿದ್ರೆ ಅದನ್ನ ನಮ್ಮ ವಿರುದ್ಧವೇ ಬಳಸಬಹುದು ಅಂತ ಹೇಳ್ತಿದೆ. ಅಲ್ಲಿ ಕಾನೂನು "ಮತಾಯಿ ಆಗಿರಬೇಕು" ಅನ್ನುತ್ತೆ. ಇಲ್ಲಿ ಕಾನೂನು ಯಾರನ್ನೂ ತಡೆಯಲ್ಲ. ಆದರೆ ಬೆಂಗಳೂರು, ದೆಹಲಿಯಲ್ಲಿ ಬಿ ಫಾರಂ ಹಿಡ್ಕೊಂಡು ಕೂತವರೇ ನಮ್ಮ ಮತಾಯಿಗಳು.

ಭದ್ರಾವತಿ ತಾಲ್ಲೂಕಿನ ಹೊಳೆಹೊನ್ನೂರು 1978ರಿಂದ ಮೀಸಲು ಕ್ಷೇತ್ರವಾಗಿತ್ತು. 2008ರ ಮರುವಿಂಗಡಣೆಯಲ್ಲಿ ಅದು ಹೋಗಿ ಶಿವಮೊಗ್ಗ ಗ್ರಾಮಾಂತರ ಮೀಸಲು ಕ್ಷೇತ್ರ ಆಯ್ತು. ನಕ್ಷೆ ಮೇಲೆ ಒಂದು ಗೆರೆ ಎಳೆದರೆ ಸಾಕು, ಮೂವತ್ತು ವರ್ಷ ಕಟ್ಟಿದ ರಾಜಕಾರಣ ಮತ್ತೆ ಮೊದಲಿಂದ ಶುರು. ಶಿವಮೊಗ್ಗ ನಗರ, ಭದ್ರಾವತಿ ಎರಡೂ ಸಾಮಾನ್ಯ ಕ್ಷೇತ್ರಗಳು. "ಸಾಮಾನ್ಯ" ಅಂದ್ರೆ ಎಲ್ಲರದ್ದು ಅಂತ ಅರ್ಥ. ಹಾಗಿದ್ರೆ ಅಲ್ಲಿ ದೊಡ್ಡ ಪಕ್ಷಗಳು ದಲಿತರ ಹೆಸರನ್ನ ಟಿಕೆಟ್ ಪಟ್ಟಿಗೆ ಯಾಕೆ ತರಲ್ಲ ಅಂತ ಯಾರಾದ್ರೂ ಕೇಳಿದ್ದೀರಾ?

ಇದನ್ನೆಲ್ಲ ಈಗ ಯಾಕೆ ಬರೀತಿದ್ದೀನಿ ಅಂದ್ರೆ, ಜನಗಣತಿ ಆದಮೇಲೆ ಮತ್ತೆ ಕ್ಷೇತ್ರ ಮರುವಿಂಗಡಣೆ ಬರುತ್ತೆ. 2023ರ ತಿದ್ದುಪಡಿಯ ಮಹಿಳಾ ಮೀಸಲಾತಿಯೂ ಅದರ ಜೊತೆಗೇ ಬರಬೇಕು, ಪರಿಶಿಷ್ಟ ಜಾತಿ ಸೀಟುಗಳ ಒಳಗೂ ಮೂರನೇ ಒಂದು ಭಾಗ ಹೆಣ್ಣುಮಕ್ಕಳಿಗೆ. ಶಾಸನಸಭೆಗಳ ಮೀಸಲಾತಿ ಅವಧಿ ಈಗಿನ ತಿದ್ದುಪಡಿ ಪ್ರಕಾರ 2030ರ ಜನವರಿವರೆಗೆ. ಆಯೋಗ ಕರಡು ಪ್ರಕಟಿಸಿ ಆಕ್ಷೇಪಣೆ ಕರೆಯುತ್ತೆ, ಬಹಿರಂಗ ಸಭೆ ಮಾಡುತ್ತೆ. ಆ ಸಭೆಯಲ್ಲಿ ರಿಯಲ್ ಎಸ್ಟೇಟ್‌ನವರು ಇರ್ತಾರೆ, ಪಕ್ಷದವರು ಇರ್ತಾರೆ. ನಾವು ಇರಬೇಕಲ್ವಾ?

ನನ್ನ ಸಲಹೆ ಎರಡೇ. ನಿಮ್ಮ ಹೋಬಳಿಯ ಕೇರಿಗಳು, ಜನಸಂಖ್ಯೆ, ಈಗಿನ ಕ್ಷೇತ್ರದ ಗಡಿ ಇಷ್ಟನ್ನೂ ಬರೆದಿಟ್ಟುಕೊಂಡು ಅರ್ಜಿ ತಯಾರು ಮಾಡಿ. ಎರಡನೆಯದು, ಟಿಕೆಟ್ ಘೋಷಣೆ ಆದಮೇಲೆ ಅಭ್ಯರ್ಥಿಗೆ ಹಾರ ಹಾಕೋದು ಬಿಟ್ಟು, ಘೋಷಣೆಗೆ ಮುಂಚೆ ಕೇರಿ ಕೇರಿಯಲ್ಲಿ ಸಭೆ ಸೇರಿ. ಭೂಮಿ, ಹಾಸ್ಟೆಲ್, ಪೌರಕಾರ್ಮಿಕರ ಕಾಯಮಾತಿ ಬಗ್ಗೆ ಬಾಯಿ ಬಿಡೋರು ಯಾರು ಅಂತ ಹೆಸರು ಚರ್ಚೆ ಮಾಡಿ, ಹೆಣ್ಣುಮಕ್ಕಳ ಹೆಸರನ್ನ ಮೊದಲು ಚರ್ಚೆ ಮಾಡಿ. ಪಕ್ಷಗಳು ಒಪ್ಪದೇ ಇರಬಹುದು. ಆದರೆ ನಮ್ಮ ಪಟ್ಟಿ ನಮ್ಮ ಹತ್ತಿರ ಇರಲಿ.

ಬೆರಳಿಗೆ ಹಚ್ಚೋ ಶಾಯಿ ನಮ್ಮ ಮೈಸೂರಿನದ್ದೇ. ಆ ಶಾಯಿ ಬೀಳೋದಕ್ಕೆ ಮುಂಚೆಯೇ ನಮ್ಮ ತೀರ್ಮಾನ ಶುರುವಾಗಬೇಕು.

ಜೈಭೀಮ್.