ಡಿಕ್ಕಿಯಿಲ್ಲದ ಹಂಚಿಕೆ ಮತ್ತು ಅದರ ಖರ್ಚು: ಟರ್ಬೊ ಡಿಕೋಡರಿನ ಇಂಟರ್‌ಲೀವರ್ ಕುರಿತು ಒಂದು ತಕರಾರು

ಇಟಲಿಯ ಟ್ಯೂರಿನ್ ಪಾಲಿಟೆಕ್ನಿಕ್‌ನ ಆಲ್ಬರ್ಟೊ ತರಾಬ್ಲೆ, ಸೆರ್ಜಿಯೊ ಬೆನೆಡೆಟ್ಟೊ ಮತ್ತು ಗ್ವಿಡೊ ಮೊಂಟೊರ್ಸಿ 2004ರಲ್ಲಿ ಒಂದು ಪ್ರಮೇಯವನ್ನು ಮಂಡಿಸಿದರು. ಬಿಟ್‌ಗಳ ಕ್ರಮವನ್ನು ಕಲಸುವ ನಿಯಮ, ಅಂದರೆ ಇಂಟರ್‌ಲೀವರ್, ಎಂಥದ್ದೇ ಇರಲಿ. ಅದನ್ನು ಹಲವು ಮೆಮೊರಿ ಬ್ಯಾಂಕ್‌ಗಳಿಗೆ ಡಿಕ್ಕಿಯಾಗದಂತೆ ಹಂಚುವ ದಾರಿ ಒಂದಾದರೂ ಇದ್ದೇ ಇರುತ್ತದೆ ಎಂಬುದು ಅದರ ಸಾರ. ಪ್ರಮೇಯದಲ್ಲಿ ದೋಷವಿಲ್ಲ. ಇಂಟರ್‌ಲೀವರ್ ರೂಪಿಸುವವರು ಇನ್ನು ಹಾರ್ಡ್‌ವೇರಿನ ಗೊಡವೆಗೆ ಹೋಗಬೇಕಿಲ್ಲ ಎಂದು ಅದರಿಂದ ಹೊರಡಿಸಬಹುದಾದ ತೀರ್ಮಾನವಿದೆಯಲ್ಲ, ತಕರಾರು ಇರುವುದು ಅದರ ಬಗ್ಗೆ.

ಹಿನ್ನೆಲೆಯಲ್ಲಿ ವಿವಾದವೇನಿಲ್ಲ. ಕ್ಲಾಡ್ ಬೆರೂ, ಅಲೆನ್ ಗ್ಲಾವಿಯೂ ಮತ್ತು ಪುಣ್ಯ ಥಿಟಿಮಾಜ್‌ಶಿಮಾ 1993ರಲ್ಲಿ ಜಿನೀವಾ ಸಮ್ಮೇಳನದಲ್ಲಿ ದೋಷ ತಿದ್ದುವ ಟರ್ಬೊ ಸಂಕೇತವನ್ನು ಪ್ರಕಟಿಸಿದಾಗ ಅವರ ಇಂಟರ್‌ಲೀವರಿನಲ್ಲಿ 65,536 ಸ್ಥಾನಗಳಿದ್ದವು. ಮೂರನೆಯ ತಲೆಮಾರಿನ ಯುಎಂಟಿಎಸ್ ಜಾಲ 40ರಿಂದ 5,114 ಬಿಟ್‌ವರೆಗಿನ ಪ್ರತಿಯೊಂದು ಉದ್ದಕ್ಕೂ ಸಾಲು-ಕಂಬಗಳ ನಿಯಮವೊಂದನ್ನು ಒಪ್ಪಿಕೊಂಡಿತು. ನಾಲ್ಕನೆಯ ತಲೆಮಾರಿನ ಎಲ್‌ಟಿಇ ಅದನ್ನು ಕೈಬಿಟ್ಟು, 40ರಿಂದ 6,144ರವರೆಗಿನ 188 ಉದ್ದಗಳನ್ನು ಮಾತ್ರ ಆರಿಸಿಕೊಂಡು, ಜಿಂಗ್ ಸುನ್ ಮತ್ತು ಆಸ್ಕರ್ ತಾಕೆಶಿತಾ 2005ರಲ್ಲಿ ವಿವರಿಸಿದ್ದ ವರ್ಗ ಬಹುಪದೋಕ್ತಿಯ ನಿಯಮಕ್ಕೆ ಬದಲಾಯಿತು.

ಡಿಕ್ಕಿ ಹುಟ್ಟುವುದು ವೇಗದ ಹಂಬಲದಿಂದ. ಒಂದು ಡಿಕೋಡರ್ ಸಾಲದಾದಾಗ ಬ್ಲಾಕನ್ನು ಎಂಟು ತುಂಡು ಮಾಡಿ ಎಂಟು ಡಿಕೋಡರ್‌ಗಳನ್ನು ಒಟ್ಟಿಗೆ ಓಡಿಸುತ್ತಾರೆ. ಮೆಮೊರಿಯೂ ಎಂಟು ಬ್ಯಾಂಕ್ ಆಗುತ್ತದೆ. ಬಿಟ್‌ಗಳನ್ನು ಸಹಜ ಕ್ರಮದಲ್ಲಿ ಓದುವಾಗ ತೊಂದರೆಯಿಲ್ಲ. ಕಲಸಿದ ಕ್ರಮದಲ್ಲಿ ಓದುವ ಸರದಿ ಬಂದಾಗ ಎರಡು ಡಿಕೋಡರ್‌ಗಳು ಒಂದೇ ಬ್ಯಾಂಕಿಗೆ ಕೈ ಹಾಕಿದರೆ, ಆ ಗಡಿಯಾರ ಚಕ್ರದಲ್ಲಿ ಒಂದಕ್ಕಷ್ಟೇ ಉತ್ತರ ಸಿಗುತ್ತದೆ.

ಎಲ್‌ಟಿಇ ನಿಯಮ ಇದನ್ನು ತಪ್ಪಿಸುವ ಬಗೆಯನ್ನು ಅದರ ಅತಿ ಚಿಕ್ಕ ಬ್ಲಾಕಿನಲ್ಲೇ ಕೈಯಾರೆ ಪರೀಕ್ಷಿಸಬಹುದು. ಉದ್ದ 40. ಸ್ಥಾನಸಂಖ್ಯೆಯ 3 ಪಟ್ಟಿಗೆ ಅದರ ವರ್ಗದ 10 ಪಟ್ಟನ್ನು ಕೂಡಿಸಿ, 40ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಓದಬೇಕಾದ ಜಾಗ. ನಾಲ್ಕು ಡಿಕೋಡರ್‌ಗಳು 1, 11, 21, 31ನೇ ಸ್ಥಾನಗಳಲ್ಲಿ ನಿಂತಿವೆ ಎನ್ನೋಣ. ಅವು ಕೇಳುವ ಜಾಗಗಳು 13, 3, 33, 23. ಒಂದೊಂದು ಬ್ಯಾಂಕಿನಲ್ಲಿ ಸಾಲಾಗಿ ಹತ್ತು ಜಾಗಗಳಿವೆ. ಹತ್ತರ ಸ್ಥಾನದ ಅಂಕಿ ನಾಲ್ಕಕ್ಕೂ ಬೇರೆ, ಆದ್ದರಿಂದ ಬ್ಯಾಂಕ್‌ಗಳೂ ಬೇರೆ. ಬಿಡಿಸ್ಥಾನದಲ್ಲಿ ಮಾತ್ರ ಎಲ್ಲಕ್ಕೂ 3.

ಈ ಎರಡನೆಯ ಗುಣಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ಬ್ಯಾಂಕಿನೊಳಗಿನ ವಿಳಾಸ ಎಲ್ಲಕ್ಕೂ ಒಂದೇ ಆದರೆ ಪ್ರತ್ಯೇಕ ವಿಳಾಸ ತಂತಿಗಳಿರುವ ನಾಲ್ಕು ಮೆಮೊರಿಗಳು ಬೇಕಿಲ್ಲ. ಅಗಲವಾದ ಒಂದು ಮೆಮೊರಿ ಸಾಕು, ಹೊರಬಂದ ನಾಲ್ಕನ್ನು ಅದಲುಬದಲು ಮಾಡುವ ಸಣ್ಣ ಜಾಲವೊಂದು ಜೊತೆಗಿದ್ದರಾಯಿತು. ವಿಳಾಸ ಹುಟ್ಟಿಸಲು ಗುಣಾಕಾರವೂ ಬೇಡ. ಇದೇ ಉದಾಹರಣೆಯಲ್ಲಿ 13 ಮತ್ತು 33ನ್ನು ಸರದಿಯಂತೆ ಕೂಡಿಸುತ್ತಾ, 40 ದಾಟಿದಾಗ ಕಳೆಯುತ್ತಾ ಹೋದರೆ 0, 13, 6, 19, 12, 25 ಎಂದು ಸಾಲು ತಾನೇ ಬೆಳೆಯುತ್ತದೆ. ತರಾಬ್ಲೆ ಮತ್ತು ಸಂಗಡಿಗರ ಪ್ರಮೇಯ ಬ್ಯಾಂಕ್‌ಗಳು ಬೇರೆಯಾಗುವ ಭರವಸೆ ಕೊಡುತ್ತದೆ. ವಿಳಾಸ ಒಂದೇ ಆಗುವ ಭರವಸೆಯನ್ನಾಗಲಿ, ಹಂಚಿಕೆಯನ್ನು ಚುಟುಕಾಗಿ ಬರೆದಿಡುವ ಸೂತ್ರವನ್ನಾಗಲಿ ಕೊಡುವುದಿಲ್ಲ.

ಖರ್ಚಿನ ಲೆಕ್ಕ ಹಾಕೋಣ. ಹೋಲಿಕೆ ನ್ಯಾಯವಾಗಿರಲು ಎರಡು ಕಡೆಗೂ ಎಲ್‌ಟಿಇಯ 188 ಉದ್ದಗಳನ್ನೇ ಹಿಡಿಯಬೇಕು. ಅವುಗಳ ಮೊತ್ತ 3,55,248 ಸ್ಥಾನ. ಸೂತ್ರವಿಲ್ಲದ ಹಂಚಿಕೆಯಲ್ಲಿ ಪ್ರತಿ ಸ್ಥಾನಕ್ಕೂ ಎಂಟರಲ್ಲಿ ಯಾವ ಬ್ಯಾಂಕ್ ಎಂದು ಬರೆದಿಡಲು 3 ಬಿಟ್. ಒಟ್ಟು 10,65,744 ಬಿಟ್. ಬ್ಯಾಂಕಿನೊಳಗಿನ ವಿಳಾಸ ಇದರಲ್ಲಿ ಸೇರಿಲ್ಲ. ಬಹುಪದೋಕ್ತಿಗಾದರೋ ಪ್ರತಿ ಉದ್ದಕ್ಕೆ ಎರಡು ಗುಣಕಗಳು ಸಾಕು. ಒಂದೊಂದಕ್ಕೆ ಧಾರಾಳವಾಗಿ 13 ಬಿಟ್ ಕೊಟ್ಟರೂ 4,888 ಬಿಟ್. ಅಂತರ ಇನ್ನೂರು ಪಟ್ಟಿಗಿಂತ ಹೆಚ್ಚು. ಯುಎಂಟಿಎಸ್‌ನ 5,075 ಉದ್ದಗಳಿಗೆ ಮೊದಲ ವಿಧಾನವನ್ನೇ ಅನ್ವಯಿಸಿದರೆ ಬ್ಯಾಂಕ್ ಸಂಖ್ಯೆಗಳೇ 3.9 ಕೋಟಿ ಬಿಟ್ ನುಂಗುತ್ತವೆ.

ಹೀಗಾಗಿ ಈ ಲೇಖನದ ವಾದವಿಷ್ಟು: ಹಲವು ಉದ್ದಗಳನ್ನು ಬೆಂಬಲಿಸಬೇಕಾದ ಸಮಾನಾಂತರ ಡಿಕೋಡರಿನಲ್ಲಿ ಮಿತವ್ಯಯ ನಿರ್ಧಾರವಾಗುವುದು ಚಿಪ್ ವಿನ್ಯಾಸಕಾರರ ಮೇಜಿನ ಮೇಲಲ್ಲ, ಬಹುಮಟ್ಟಿಗೆ ಇಂಟರ್‌ಲೀವರ್ ನಿಯಮವನ್ನು ಆರಿಸುವ ಹಂತದಲ್ಲೇ.

‘ಬಹುಮಟ್ಟಿಗೆ’ ಎಂಬ ಮಾತಿಗೆ ಕಾರಣಗಳಿವೆ. ಮೇಲಿನ ಲೆಕ್ಕ ಎಲ್ಲ ಹಂಚಿಕೆಗಳನ್ನೂ ಚಿಪ್‌ನಲ್ಲಿ ತುಂಬಿಡುವ ವಿಧಾನಕ್ಕೆ ಮಾತ್ರ ಸಲ್ಲುತ್ತದೆ. ಆಗಿನ ಉದ್ದಕ್ಕೆ ಬೇಕಾದ ಹಂಚಿಕೆಯನ್ನು ಆಗಲೇ ಹುಡುಕಿಕೊಳ್ಳುವುದಾದರೆ ಜಾಗದ ಖರ್ಚು ಸಮಯದ ಖರ್ಚಾಗಿ ಬದಲಾಗುತ್ತದೆ. 2004ರ ಬರಹ ಸೂಚಿಸಿದ ಹುಡುಕಾಟ ಪುನರಾವರ್ತನೆಯಿಂದ ನಡೆಯುವಂಥದ್ದು, ಎಲ್‌ಟಿಇಯಲ್ಲಿ ಬ್ಲಾಕಿನ ಉದ್ದವಾದರೋ ಪ್ರತಿ 1 ಮಿಲಿಸೆಕೆಂಡಿಗೆ ಬದಲಾಗಬಹುದು. ಆದರೆ ಅವೈಸ್ ಸಾನಿ, ಫಿಲಿಪ್ ಕೂಸಿ ಮತ್ತು ಸಿರಿಲ್ ಶಾವೆ 2013ರಲ್ಲಿ ಇದೇ ಹಂಚಿಕೆಯನ್ನು ಬಹುಪದೀಯ ಕಾಲದಲ್ಲಿ, ಚಿಪ್‌ನೊಳಗೇ ಕಂಡುಕೊಳ್ಳುವತ್ತ ಹೆಜ್ಜೆ ಇಟ್ಟಿದ್ದಾರೆ. ಇಲ್ಲಿನ ವಾದಕ್ಕೆ ಎದುರಾಗುವ ಅತ್ಯಂತ ಬಲವಾದ ಆಕ್ಷೇಪಣೆ ಅದೇ. ಒಂದೇ ಉದ್ದದ ಬ್ಲಾಕನ್ನಷ್ಟೇ ಬಳಸುವ ವ್ಯವಸ್ಥೆಯಲ್ಲಂತೂ ವಾದ ಬಹಳ ಸಡಿಲವಾಗುತ್ತದೆ.

ಪ್ರಯೋಗದ ಸಾಕ್ಷ್ಯವೂ ಒಂದೇ ದಿಕ್ಕಿಗೆ ಕೈ ತೋರಿಸುವುದಿಲ್ಲ. ಕ್ರಿಸ್ಟೋಫ್ ಸ್ಟೂಡರ್ ಮತ್ತು ಸಹೋದ್ಯೋಗಿಗಳು 130 ನ್ಯಾನೊಮೀಟರ್ ತಂತ್ರಜ್ಞಾನದಲ್ಲಿ ಕಟ್ಟಿ 2011ರಲ್ಲಿ ವರದಿ ಮಾಡಿದ ಎಂಟು ಡಿಕೋಡರ್‌ಗಳ ಎಲ್‌ಟಿಇ ಚಿಪ್ 3.57 ಚದರ ಮಿಲಿಮೀಟರಿನಲ್ಲಿ ಸೆಕೆಂಡಿಗೆ 390.6 ಮೆಗಾಬಿಟ್ ವೇಗ ಮುಟ್ಟಿತು. ಅದರಲ್ಲೂ ವಿಳಾಸಗಳನ್ನು ವಿಂಗಡಿಸುವ ಬ್ಯಾಚರ್ ಜಾಲ ಬೇಕೇ ಆಯಿತು. ನಿಯಮ ಎಷ್ಟೇ ಅಚ್ಚುಕಟ್ಟಾಗಿದ್ದರೂ ಅದಲುಬದಲಿನ ಖರ್ಚು ಸೊನ್ನೆಯಾಗಲಿಲ್ಲ.

ಎರಡು ಪ್ರಶ್ನೆಗಳು ಇಲ್ಲಿ ಬಗೆಹರಿದಿಲ್ಲ. ನಿಯಮವನ್ನು ಬಹುಪದೋಕ್ತಿಗೆ ಕಟ್ಟಿಹಾಕಿದ್ದರಿಂದ ದೋಷ ತಿದ್ದುವ ಶಕ್ತಿಯಲ್ಲಿ ಕಳೆದುಕೊಂಡದ್ದೆಷ್ಟು ಎಂಬುದು ಒಂದು. ಈ ಲೆಕ್ಕ ಮೆಮೊರಿಯನ್ನು ಅಳೆದಿದೆಯೇ ಹೊರತು ಆ ನಷ್ಟವನ್ನಲ್ಲ. ಇನ್ನೊಂದು 5ಜಿಗೆ ಸೇರಿದ್ದು. ಅಲ್ಲಿ ದತ್ತಾಂಶಕ್ಕೆ ಟರ್ಬೊ ಬದಲು ಎಲ್‌ಡಿಪಿಸಿ ಸಂಕೇತ ಬಂದಿದೆ, ಕಲಸುವ ಕೆಲಸ 384 ಸ್ಥಾನಗಳವರೆಗಿನ ಚಕ್ರೀಯ ಸರಿಸುವಿಕೆಯಾಗಿ ಸಂಕೇತದೊಳಗೇ ಸೇರಿಕೊಂಡಿದೆ. ಮೇಲ್ನೋಟಕ್ಕೆ ಇದು ಇಲ್ಲಿನ ವಾದಕ್ಕೆ ಬೆಂಬಲದಂತೆ ಕಾಣುತ್ತದೆ. ಆದರೆ 51 ಬೇರೆ ಬೇರೆ ಅಳತೆಗಳಿಗೆ ಹೊಂದಿಕೊಳ್ಳಬೇಕಾದ ಸರಿಸುವ ಜಾಲದ ವಿಸ್ತೀರ್ಣವನ್ನು ಟರ್ಬೊ ಡಿಕೋಡರಿನ ಜಾಲದ ಪಕ್ಕದಲ್ಲಿಟ್ಟು, ಒಂದೇ ತಂತ್ರಜ್ಞಾನದಲ್ಲಿ, ಒಂದೇ ವೇಗಕ್ಕೆ ಅಳೆಯದೆ ಹಾಗೆಂದು ಹೇಳುವುದು ಅವಸರವಾದೀತು.